ಆರ್ಲೊನ ಬಿಲ್ಲು, ನನ್ನಪ್ಪನ ಕೋವಿ

ಆಗಸ್ಟ್ 24, ಭಾನುವಾರ

ಇವತ್ತು ಆರ್ಲೊನ ಬಿಲ್ಲನ್ನು ಗೋಡೆಯಿಂದ ಇಳಿಸಿದೆ. ಧೂಳು ಒರೆಸಲೆಂದು ಇಳಿಸಿದ್ದು, ಬೇರೆ ಯೋಚನೆ ಇರಲಿಲ್ಲ. ಒರೆಸಿದ ಮೇಲೆ ಸುಮ್ಮನಿರಲಾರದೆ ಅಂಗಳಕ್ಕೆ ತಂದು ಹೆದೆ ಎಳೆದೆ. ಮದುವೆಯಾದಾಗಿನಿಂದ ಎಷ್ಟೋ ಸಲ ಎಳೆದು ಸೋತಿದ್ದೇನೆ. ಆಗೆಲ್ಲ ಆರ್ಲೊ ಬಾಗಿಲಿಗೆ ಒರಗಿಕೊಂಡು ನಗುತ್ತಿದ್ದ. "ನೋರಿ, ಅದು ನಿನ್ನ ಸ್ಕೂಲ್ ಬಸ್ಸಿನ ಸ್ಟೀರಿಂಗ್ ಅಲ್ಲ ಕಣೆ, ನೀನು ಹೇಳ್ದಂಗೆ ಕೇಳೋಕೆ."

ಇವತ್ತು ಕೇಳಿತು! ತೋಳು ನಡುಗಿತು, ಆದರೂ ಹೆದೆ ಕೆನ್ನೆಯವರೆಗೆ ಬಂತು. ಬಾಣವಿಲ್ಲದೆ ಹೆದೆ ಬಿಟ್ಟರೆ ಬಿಲ್ಲು ಹಾಳಾಗುತ್ತದೆ, ಅದಕ್ಕೆ ಮೆಲ್ಲಗೆ ಇಳಿಸಿದೆ. ಅರವತ್ತೊಂದರ ವಯಸ್ಸಿನಲ್ಲಿ ಈ ಬಲ ಎಲ್ಲಿಂದ ಬಂತೋ. ಬೇಸಿಗೆಯೆಲ್ಲ ಬೆಟ್ಟ ಹತ್ತಿ ಇಳಿದಿದ್ದಕ್ಕೇ ಇರಬೇಕು.

ಬೆಟ್ಟ ಹತ್ತಿದ್ದು ಮೂಳೆ ಹುಡುಕಲು. ಹೋದ ಸೆಪ್ಟೆಂಬರಿನಲ್ಲಿ ಕೆಟಲ್ ಹಳ್ಳದ ಮೇಲಿನ ಸಮತಟ್ಟಿನಲ್ಲಿ ನಾವು ಒಂದು ಎಲ್ಕ್ ಹೋರಿಯನ್ನು ಕರೆದೆವು. ಕುದುರೆಯಷ್ಟು ಎತ್ತರದ ಗಂಡು ಜಿಂಕೆ, ತಲೆಯ ಮೇಲೆ ಒಂದು ಮರದಷ್ಟು ಕವಲುಕೊಂಬು. ನಮ್ಮ ಬೇಟೆಯ ಕ್ರಮ ಯಾವಾಗಲೂ ಒಂದೇ. ನಾನು ಹಿಂದೆ ಫರ್ ಮರಗಳ ನಡುವೆ ಕೂತು ಹೆಣ್ಣಿನ ಹಾಗೆ ಪೀಪಿ ಊದುತ್ತೇನೆ, ಹೋರಿ ನನ್ನನ್ನು ಹುಡುಕಿಕೊಂಡು ಬರುತ್ತದೆ, ನಡುವೆ ನಿಂತ ಆರ್ಲೊ ಬಾಣ ಬಿಡುತ್ತಾನೆ. ಅವತ್ತು ಬಾಣ ಭುಜಕ್ಕೆ ತಗುಲಿ ಅರ್ಧಕ್ಕೇ ನಿಂತಿತು. ಬಾಣದ ಮುರಿದ ಕಡ್ಡಿ ಸಿಕ್ಕಿತು, ಅಂಗೈಯಗಲ ರಕ್ತ ಸಿಕ್ಕಿತು, ಹೋರಿ ಸಿಗಲಿಲ್ಲ. ದಿನಗಟ್ಟಲೆ ಮೊಣಕಾಲೂರಿ ಎಲೆ ಎಲೆ ತಿರುವಿ ಹುಡುಕಿದೆವು. ಆಮೇಲೆ ಆರ್ಲೊ ಜೇಬಿನಿಂದ ವರ್ಷಕ್ಕೊಂದೇ ಪ್ರಾಣಿಗೆಂದು ಸರ್ಕಾರ ಕೊಡುವ ಬೇಟೆಯ ಚೀಟಿ ತೆಗೆದು, ಕೊಂದವರು ಕತ್ತರಿಸುವ ಹಾಗೆ ಅದರ ತಾರೀಕು ಕತ್ತರಿಸಿಬಿಟ್ಟ. ಕಾನೂನು ಅದನ್ನು ಕೇಳುವುದಿಲ್ಲ. ಆದರೆ ರಕ್ತ ಬೀಳಿಸಿದರೆ, ಪ್ರಾಣಿ ಸಿಗಲಿ ಬಿಡಲಿ, ಆ ವರ್ಷದ ಬೇಟೆ ಮುಗಿಯಿತು ಎನ್ನುವುದು ಅವನಪ್ಪ ಹಾಕಿಕೊಟ್ಟ ನೇಮ.

ಭುಜದ ನೋವು ಎಂದು ಅವನು ಹೇಳುತ್ತಿದ್ದದ್ದು ಮೂಳೆಯ ಕ್ಯಾನ್ಸರ್ ಎಂದು ನವೆಂಬರಿನಲ್ಲಿ ಗೊತ್ತಾಯಿತು. ಫೆಬ್ರವರಿಯಲ್ಲಿ ತೀರಿಕೊಳ್ಳುವವರೆಗೆ ಹಾಸಿಗೆಯಲ್ಲಿದ್ದ. ಔಷಧದ ಮಂಪರು ಇಳಿದಾಗಲೆಲ್ಲ ಒಂದೇ ಮಾತು.

"ನೋರಿ, ಆ ಹೋರಿ ಏನಾಯ್ತು?"

"ಸತ್ತೋಯ್ತು ಆರ್ಲೊ. ಅವತ್ತೇ, ಬೇಗ ಸತ್ತೋಯ್ತು."

ಅವನು ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದ. ಒಂದು ಸಲ ಗೋಡೆಗೇ ಹೇಳಿದ. "ಬೇಗ ಸತ್ತಿಲ್ಲ. ನನ್ನ ಹಂಗೇ ಎಲ್ಲೋ ಬಿದ್ಕೊಂಡು ಸಾಯ್ತಾ ಇದೆ. ಮೂಳೆನಾದ್ರೂ ಹುಡುಕೆ."

ಬೇಸಿಗೆ ಮುಗಿಯಿತು, ಮೂಳೆ ಸಿಗಲಿಲ್ಲ. ಆದರೆ ಈ ಮನೆಯ ಕೊನೆಯ ಬೇಟೆ ಅದಾಗಬಾರದು. ಒಂದು ಹೋರಿಯನ್ನಾದರೂ ಸರಿಯಾಗಿ, ನರಳಿಸದೆ ಹೊಡೆದು ಮನೆಗೆ ತರಬೇಕು. ಅವನ ಬಿಲ್ಲಿನಲ್ಲೇ ತರುತ್ತೇನೆ. ಹೇಗಿದ್ದರೂ ಅದು ನನ್ನ ಕೈಗೆ ಬಂದಿದೆ.

ಆಗಸ್ಟ್ 27, ಬುಧವಾರ

ಬಿಲ್ಲನ್ನು ನನ್ನ ತೋಳಿನ ಅಳತೆಗೆ ಮಾಡಿಸಿಕೊಳ್ಳಲು ಪೇಟೆಗೆ ಹೋಗಿದ್ದೆ. ಬಿಲ್ಲಂಗಡಿಯ ಮಾರ್ವ್ ನನ್ನನ್ನು ಕಂಡು ಟೋಪಿ ತೆಗೆದ. ಎಲ್ಲರೂ ಈಗ ನನ್ನನ್ನು ಕಂಡರೆ ಟೋಪಿ ತೆಗೆಯುತ್ತಾರೆ, ನಾನೇ ಸತ್ತ ಹಾಗೆ. ಅವನು ಬಿಲ್ಲನ್ನು ತಕ್ಕಡಿಗೆ ಸಿಕ್ಕಿಸಿ ಎಳೆದು ನೋಡಿದ. ಇನ್ನೊಂದು ಸಲ ಎಳೆದ.

"ಇದನ್ನ ಯಾರು ಸಡಿಲ ಮಾಡಿದ್ದು ನೋರೀನ್?"

"ಯಾರೂ ಮುಟ್ಟಿಲ್ಲವಲ್ಲ. ಹೋದ ವರ್ಷದಿಂದ ಗೋಡೆ ಮೇಲೇ ಇದೆ."

"ನಾನು ಆರ್ಲೊಗೆ ಮಾಡಿಕೊಟ್ಟ ಬಿಗಿ ಇದಲ್ಲ. ಅರ್ಧಕ್ಕೆ ಇಳಿಸಿದಾರೆ. ನೋಡಿಲ್ಲಿ, ಬಿಗಿ ಹೆಚ್ಚು ಕಮ್ಮಿ ಮಾಡೋ ತಿರುಪಿನ ಮೇಲೆ ಗೀರು. ಮನೇಲಿ ಕೂತು ಕೈಯಾರೆ ಬಿಚ್ಚಿದಾರೆ."

ಅವನು ಬಿಲ್ಲನ್ನು ತಕ್ಕಡಿಯಿಂದ ಬಿಚ್ಚಿ ನನ್ನ ಕೈಗೆ ಕೊಟ್ಟ. ಅಷ್ಟು ಬಿಗಿಯಲ್ಲಿ ಬಾಣ ಪಕ್ಕೆಗೆ ಬಿದ್ದರೆ ಒಳಗೆ ಹೋಗುತ್ತದೆ, ಭುಜದ ಮೂಳೆಗೆ ಬಿದ್ದರೆ ನಿಲ್ಲುತ್ತದೆ. ಅದು ಮಾರ್ವ್‌ಗೂ ಗೊತ್ತು, ನನಗೂ ಗೊತ್ತು.

ಮನೆಗೆ ಬಂದು ಗ್ಯಾರೇಜಿನಲ್ಲಿ ಟ್ರಕ್ಕಿನೊಳಗೇ ಕೂತಿದ್ದೆ. ನನಗೆ ಬಲ ಬಂದಿರಲಿಲ್ಲ. ಆರ್ಲೊಗೆ ಹೋಗಿತ್ತು.

ಸೆಪ್ಟೆಂಬರ್ 6, ಶನಿವಾರ

ಬಿಲ್ಲಿನ ಬೇಟೆ ಇವತ್ತಿನಿಂದ. ತಟ್ಟಿಗೆ ಒಬ್ಬಳೇ ಹೋದೆ. ಮೊದಲಿನ ಹಾಗೆ ಫರ್ ಮರಗಳ ನಡುವೆ ಕೂತು ಪೀಪಿ ಊದಿದೆ. ಎರಡನೆಯ ಕೂಗಿಗೇ ಕೆಳಗಿನಿಂದ ಹೋರಿ ಉತ್ತರ ಕೊಟ್ಟಿತು. ಆ ಕೂಗು ಕೇಳಿ ವರ್ಷವಾಗಿತ್ತು.

ಅದು ಬಂತು. ನೇರ ನನ್ನ ಕಡೆಗೇ ಬಂತು. ಕರೆದವಳು ನಾನಲ್ಲವೇ, ಅದು ಹುಡುಕುವುದು ನನ್ನನ್ನೇ. ನಡುವೆ ಆರ್ಲೊ ಇರುತ್ತಿದ್ದಾಗ ಅದರ ಕಣ್ಣು ನನ್ನ ಮೇಲಿರುತ್ತಿತ್ತು, ಅವನ ಕೈ ಹೆದೆಯ ಮೇಲಿರುತ್ತಿತ್ತು. ಇವತ್ತು ನಡುವೆ ಯಾರೂ ಇರಲಿಲ್ಲ. ಅಡುಗೆಮನೆಯಿಂದ ದನದ ಕೊಟ್ಟಿಗೆಯಷ್ಟು ದೂರದಲ್ಲಿ ನಿಂತು ನನ್ನನ್ನು ದಿಟ್ಟಿಸಿತು. ಬಿಲ್ಲು ಎತ್ತಿದರೆ ಓಡುತ್ತದೆ. ಉಸಿರಾಡಿದರೂ ಓಡುತ್ತದೆ. ಅದರ ಮೂಗಿನ ಹಬೆ ನೋಡುತ್ತ ಕೂತೆ. ಸಾಕಷ್ಟು ನೋಡಿಕೊಂಡು, ಇಲ್ಲಿ ತನಗೆ ಬೇಕಾದವಳು ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೆ ಹೊರಟುಹೋಯಿತು.

ಬಿಲ್ಲಿನ ಬೇಟೆ ಇಬ್ಬರ ಕೆಲಸ. ಇಷ್ಟು ಸಣ್ಣ ವಿಷಯ ಬೆಟ್ಟ ಹತ್ತುವ ಮೊದಲು ನನಗೆ ಹೊಳೆಯಲಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ಮಳೆ. ಇವತ್ತೂ ಎರಡು ಲೋಟ ಕಾಫಿ ಬಗ್ಗಿಸಿದೆ. ಒಂದನ್ನು ಚೆಲ್ಲಿದೆ.

ಸೆಪ್ಟೆಂಬರ್ 20, ಶನಿವಾರ

ವೆಂಡೆಲ್ ತಾನು ಪೀಪಿ ಊದಿ ಹೋರಿ ಕರೆಯುತ್ತೇನೆಂದು ಬಂದ. ಆರ್ಲೊನ ಅಣ್ಣ, ಎಪ್ಪತ್ತು ದಾಟಿದೆ, ಹುಟ್ಟಿದಾಗಿನಿಂದ ಕೋವಿಯ ಮನುಷ್ಯ. ಬಿಲ್ಲು ಹಿಡಿಯುವವರನ್ನು ಕಂಡರೆ ನಗುತ್ತಾನೆ. ತಮ್ಮನನ್ನು ಕಂಡೂ ಜೀವನವಿಡೀ ನಕ್ಕಿದ್ದಾನೆ. ಆದರೂ ಬೆಳಕಾಗುವ ಮೊದಲೇ ಹೇಸರಗತ್ತೆಗಳನ್ನು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ.

ಅವನ ಪೀಪಿ ಕೇಳಿ ನನಗೆ ನಗು ತಡೆಯಲಾಗಲಿಲ್ಲ.

"ಅದೇನೋ ಅದು? ಹೆಣ್ಣೆಲ್ಕ್ ಕೂಗೋ ಥರ ಇಲ್ಲ, ಟ್ರೂಡಿ ನಿನ್ನ ಊಟಕ್ಕೆ ಕರೆಯೋ ಥರ ಇದೆ."

"ಅದಕ್ಕೂ ಓಡಿ ಬರ್ತೀನಲ್ಲ ನಾನು? ಹೋರಿ ಅಂದ್ರೆ ಹೋರಿ. ನೀನು ಸುಮ್ನೆ ಮುಂದೆ ನಿಂತ್ಕೊ."

ಅವನ ಮಾತೇ ನಿಜವಾಯಿತು. ಬಂದದ್ದು ಎಳೆಯ ಹೋರಿ, ಇನ್ನೂ ತೆಳ್ಳನೆಯ ಕೊಂಬು. ಅವನನ್ನು ಹುಡುಕುತ್ತ ನನ್ನ ಎದುರಿಗೇ ಅಡ್ಡಲಾಗಿ ಬಂದು ನಿಂತಿತು. ನಾನು ಹೆದೆ ಎಳೆದೆ. ಪಕ್ಕೆ ಪೂರ್ತಿ ತೆರೆದಿತ್ತು, ಆರ್ಲೊ ಆಗಿದ್ದರೆ ಕಣ್ಣು ಮುಚ್ಚಿಕೊಂಡು ಹೊಡೆಯುತ್ತಿದ್ದ.

ನಾನು ಬಿಡಲಿಲ್ಲ. ಅದು ಒಂದು ಹೆಜ್ಜೆ ಮುಂದಿಟ್ಟರೆ ಬಾಣ ಭುಜಕ್ಕೆ ಹೋಗುತ್ತದೆ ಎಂಬ ಒಂದೇ ಯೋಚನೆ. ಅರ್ಧ ಬಿಗಿಯ ಬಿಲ್ಲು, ಅರ್ಧಕ್ಕೆ ನಿಲ್ಲುವ ಬಾಣ, ಆಮೇಲೆ ಇಡೀ ಒಂದು ಚಳಿಗಾಲ. ಹೆದೆ ಇಳಿಸಿದೆ. ಹೋರಿ ಜಿಗಿದು ಮಾಯವಾಯಿತು.

ವೆಂಡೆಲ್ ಹಿಂದಿನಿಂದ ಬಂದ. "ಯಾಕೆ ಬಿಡಲಿಲ್ಲ?"

"ಬಿಗಿ ಸಾಲ್ದು."

"ಮೊನ್ನೆ ಮಾರ್ವ್ ಹೇಳಿದ," ಅಂದ ನೆಲ ನೋಡುತ್ತ. "ನಾನು ಹೋದ ವರ್ಷವೇ ಬಡ್ಕೊಂಡೆ ನೋರಿ, ಭುಜ ನೋವಿದ್ರೆ ಕೋವಿ ತಗೊಳೊ ಅಂತ. ನನ್ನ ಕೋವಿನೇ ಕೊಡ್ತೀನಿ ಅಂದೆ. ತಗೊಳ್ಲಿಲ್ಲ ಮುಂಡೇದು." ಹೇಸರಗತ್ತೆಯ ಹಗ್ಗ ಬಿಚ್ಚುವ ನೆವದಲ್ಲಿ ಆ ಕಡೆ ತಿರುಗಿಕೊಂಡ.

ಸೆಪ್ಟೆಂಬರ್ 21, ಭಾನುವಾರ

ಆರ್ಲೊನ ಮೇಲೆ ಸಿಟ್ಟು ಬಂದಿದೆ. ಇಷ್ಟು ದಿನ ಬಂದಿರಲಿಲ್ಲ.

ಕೋವಿ ಹಿಡಿದರೆ ನಿನ್ನ ಮಾನ ಹೋಗುತ್ತಿತ್ತೇ? "ಕೋವಿಲಿ ಹೊಡೆಯೋದು ಬೇಟೆಯಲ್ಲ, ಅಂಗಡಿಗೆ ಹೋಗಿ ಬಂದಂಗೆ" ಎಂದು ನೀನು ಎಷ್ಟು ಸಲ ಹೇಳಿದೆ, ಅದೂ ನನ್ನಪ್ಪನ ಕೋವಿಯ ಎದುರಿಗೇ. ನನ್ನ ಕಣ್ಣು ತಪ್ಪಿಸಿ ತಿರುಪು ಬಿಚ್ಚಿದೆ. ನಾನು ನಿನ್ನ ಹಿಂದೆ ಕೂತು ಪ್ರಾಣಿಯನ್ನು ಕರೆದುಕೊಟ್ಟೆ, ನಿನ್ನ ಕೈ ಸೋತಿದೆ ಎಂದು ನನಗೆ ಹೇಳಲಿಲ್ಲ. ಹೇಳಿದ್ದರೆ ನಾನು ಊದುತ್ತಿರಲಿಲ್ಲ. ಊದದಿದ್ದರೆ ನೀನು ಆ ಗೋಡೆ ನೋಡುತ್ತ ಸಾಯುತ್ತಿರಲಿಲ್ಲ.

ಬಿಲ್ಲನ್ನು ಮತ್ತೆ ಗೋಡೆಗೆ ಹಾಕಿದೆ. ಬಿಗಿ ಮಾಡಿಸಲಿಲ್ಲ. ಮಾಡಿದವನು ಮಾಡಿದ ಹಾಗೆಯೇ ಇರಲಿ.

ಅಕ್ಟೋಬರ್ 5, ಭಾನುವಾರ

ಲಾರ್ಚ್ ಮರಗಳು ಹಳದಿಯಾಗಿವೆ. ಮಧ್ಯಾಹ್ನ ವೆಂಡೆಲ್ ಮನೆಯಲ್ಲಿ ಊಟ. ಅವನ ಹೆಂಡತಿ ಟ್ರೂಡಿ ಮೂರು ಸಲ ಫೋನು ಮಾಡಿ ಬೈದ ಮೇಲೆ ಹೋದೆ. ಕಾಡಿನ ಹಕಲ್‌ಬೆರಿ ಹಣ್ಣಿನ ಪೈ ಮಾಡಿದ್ದಳು. ಎರಡು ತುಂಡು ತಿಂದೆ.

ಊಟದ ಮೇಜಿನಲ್ಲಿ ಮತ್ತೆ ಅದೇ ಜಗಳ, ಆದರೆ ಆರ್ಲೊನ ಪಕ್ಷದಲ್ಲಿ ಮಾತಾಡಲು ಆರ್ಲೊ ಇರಲಿಲ್ಲ, ಹಾಗಾಗಿ ನಾನೇ ಮಾತಾಡಬೇಕಾಯಿತು.

"ಬಾಣ ರಕ್ತ ಹರಿಸಿ ಕೊಲ್ಲುತ್ತೆ, ಗುಂಡು ಬಡಿದು ಕೊಲ್ಲುತ್ತೆ," ಅಂದ ವೆಂಡೆಲ್. "ಇಷ್ಟೇ ಲೆಕ್ಕ. ಯಾವುದು ಕರುಣೆ ನೀನೇ ಹೇಳು."

"ಬಾಣ ಬಿಡೋನು ಹತ್ತಿರ ಹೋಗ್ಬೇಕು. ಅದರ ಕಣ್ಣು ನೋಡ್ಬೇಕು. ನೀನು ಆಚೆ ಗುಡ್ಡದಲ್ಲಿ ಬಿದ್ಕೊಂಡು ಹೊಡೀತೀಯ."

"ಹತ್ತಿರ ಹೋದ್ರೆ ಹೋರಿಗೇನು ಲಾಭ? ಅದು ಆರ್ಲೊ ಖುಷಿ."

ಟ್ರೂಡಿ ತಟ್ಟೆ ಎತ್ತುತ್ತ ನಿಂತಳು. "ನೀನು ಸುಮ್ನಿರಪ್ಪ ದೊಡ್ಡ ಮನುಷ್ಯ. ಆಚೆ ಗುಡ್ಡದಿಂದ ಕಾಲಿಗೆ ಹೊಡೆದು ಸಂಜೆವರೆಗೂ ಹಿಂದೆ ಓಡಿದ್ದು ಯಾರು? ಕೋವಿಲಿ ಹೊಡೆದ್ರೂ ನರಳ್ತವೆ. ಕೈಯಲ್ಲಿ ಏನಿದೆ ಅನ್ನೋದಲ್ಲ, ಎಷ್ಟು ದೂರದಿಂದ, ಎಷ್ಟು ಕೈ ಗಟ್ಟಿಯಿದೆ ಅಂತ."

ವೆಂಡೆಲ್ ಇನ್ನೊಂದು ತುಂಡು ಪೈ ಹಾಕಿಕೊಂಡ.

ದಾರಿಯುದ್ದಕ್ಕೂ ಟ್ರೂಡಿಯ ಮಾತು ಯೋಚಿಸಿದೆ. ಮನೆಗೆ ಬಂದು ಅಪ್ಪನ ಕೋವಿಯನ್ನು ಬೀರುವಿನಿಂದ ತೆಗೆದೆ. ಬಿಲ್ಲಿನಷ್ಟೇ ಹತ್ತಿರ ಹೋಗಿ ಕೋವಿಯಲ್ಲಿ ಹೊಡೆಯುತ್ತೇನೆ. ಆರ್ಲೊ ಅಂಗಡಿ ಅನ್ನಲಿ, ಸಂತೆ ಅನ್ನಲಿ. ಅದು ನರಳಬಾರದು, ನನಗೆ ಅಷ್ಟೇ ಬೇಕು. ನಾನು ಒಂದು ಸಾವನ್ನು ಪೂರ್ತಿ ನೋಡಿದ್ದೇನೆ, ಇನ್ನೊಂದು ಅಂಥದ್ದು ನನ್ನ ಕೈಯಿಂದ ಬೇಡ.

ಅಕ್ಟೋಬರ್ 18, ಶನಿವಾರ

ನಿನ್ನೆ ಜಲ್ಲಿಗುಂಡಿಯ ಹತ್ತಿರ ಗುರಿ ಹೊಡೆದೆ. ಕೋವಿ ಒದ್ದು ಭುಜ ಕಪ್ಪುಗಟ್ಟಿದೆ. ಫೆಬ್ರವರಿಯಿಂದ ನಿದ್ದೆ ಮಾಡುತ್ತಿದ್ದ ಕುರ್ಚಿಯಲ್ಲಿ ಒರಗಲಾಗದೆ ಮಂಚದ ಮೇಲೆ ಮಲಗಿದೆ. ಕಣ್ಣು ಬಿಟ್ಟಾಗ ಬೆಳಗಾಗಿತ್ತು.

ಅಕ್ಟೋಬರ್ 25, ಶನಿವಾರ

ಕೋವಿಯ ಬೇಟೆ ಶುರು. ಬೆಟ್ಟದ ರಸ್ತೆಯಲ್ಲಿ ಟ್ರಕ್ಕುಗಳ ಸಾಲು, ಎಲ್ಲಿ ನೋಡಿದರೂ ಬೇಟೆಗಾರರ ಕಿತ್ತಳೆ ಅಂಗಿ. ಹುಲ್ಲುಗಾವಲಿನ ಅಂಚಿಗೆ ಕೂತರೆ ದೂರದಲ್ಲಿ ಬೇಕಾದಷ್ಟು ಸಿಗುತ್ತವೆ ಎಂದು ವೆಂಡೆಲ್ ಜಾಗ ತೋರಿಸಿದ. ಹೋಗಲಿಲ್ಲ. ಮರಿಗಳಿದ್ದ ಹೆಣ್ಣುಗಳ ಹಿಂಡು ಕಂಡಿತು, ಹೊಡೆಯದೆ ಬಿಟ್ಟೆ.

ನವೆಂಬರ್ 1, ಶನಿವಾರ

ಕೈಯಿಂದ ಇನ್ನೂ ಫರ್ ಮರದ ಅಂಟಿನ ವಾಸನೆ ಬರುತ್ತಿದೆ. ಇದ್ದದ್ದನ್ನು ಇದ್ದ ಹಾಗೆ ಬರೆದುಬಿಡುತ್ತೇನೆ.

ತಟ್ಟಿನ ಮೇಲಿನ ದಟ್ಟ ಕಾಡಿಗೆ ಹೋದೆ, ಹೋದ ವರ್ಷ ರಕ್ತದ ಜಾಡು ಮುಗಿದ ಜಾಗ. ಬೇಸಿಗೆಯೆಲ್ಲ ಮೂಳೆ ಹುಡುಕಿ ಅಲ್ಲಿನ ಒಂದೊಂದು ಬಿದ್ದ ಮರವೂ ನನಗೆ ಪರಿಚಯ. ಹೋರಿ ಕೊಂಬು ತಿಕ್ಕಿದ ಮರಗಳನ್ನೂ, ಮಲಗೆದ್ದ ಗುಳಿಗಳನ್ನೂ ಆಗಲೇ ನೋಡಿದ್ದೆ. ಕೂಡುವ ಕಾಲ ಮುಗಿದ ಮೇಲೆ ದೊಡ್ಡ ಹೋರಿಗಳು ಹಿಂಡು ಬಿಟ್ಟು ಇಂಥ ಕತ್ತಲೆ ಕಾಡಿನಲ್ಲಿ ಒಂಟಿಯಾಗಿ ಬಿದ್ದಿರುತ್ತವೆ. ಯಾರ ಸಹವಾಸವೂ ಬೇಡ ಎನ್ನುವ ಅವುಗಳ ಮನಸ್ಸು ಈ ವರ್ಷ ನನಗೂ ಗೊತ್ತು.

ಹಿಮ ಒಂದು ಪದರ ಬಿದ್ದಿತ್ತು. ಹೆಜ್ಜೆ ಕಂಡಿತು, ಹೊಸದು. ಗಾಳಿಗೆ ಮುಖ ಕೊಟ್ಟು ಬಿದ್ದ ಮರವೊಂದರ ಹಿಂದೆ ಕೂತೆ. ಬಹಳ ಹೊತ್ತು ಏನೂ ಇಲ್ಲ. ನವೆಂಬರಿನಲ್ಲಿ ಯಾರೂ ಪೀಪಿ ಊದುವುದಿಲ್ಲ, ಊದಿದರೂ ಹೋರಿಗೆ ಆಸಕ್ತಿ ಇರುವುದಿಲ್ಲ. ನಾನು ಅಭ್ಯಾಸಬಲದಿಂದ ಒಂದೇ ಒಂದು ಸಲ, ಮೆಲ್ಲಗೆ, ಇಲ್ಲಿದ್ದೇನೆ ಎನ್ನುವಷ್ಟೇ ಊದಿದೆ.

ಅದು ಎದ್ದು ನಿಂತಿತು. ಅಷ್ಟು ಹತ್ತಿರ ಮಲಗಿತ್ತು. ಆರ್ಲೊ ಬಾಣ ಬಿಡುತ್ತಿದ್ದಷ್ಟೇ ದೂರ. ತಲೆ ತಿರುಗಿಸಿ ನನ್ನನ್ನು ಹುಡುಕಿತು. ಕೋವಿ ಆಗಲೇ ಮರದ ಮೇಲೆ ಊರಿಕೊಂಡಿತ್ತು. ಬೆರಳು ಮಾತ್ರ ಅಲುಗಿತು.

ನಿಂತ ಜಾಗದಲ್ಲೇ ಬಿತ್ತು. ಒಂದು ಹೆಜ್ಜೆ ಹಾಕಲಿಲ್ಲ, ಒಂದು ಸದ್ದು ಮಾಡಲಿಲ್ಲ. ಹತ್ತಿರ ಹೋಗುವಷ್ಟರಲ್ಲಿ ಅದರ ಕಣ್ಣು ಮಂಜಾಗಿತ್ತು. ನಾನು ಹಿಮದಲ್ಲಿ ಕೂತು ಜೋರಾಗಿ ಅತ್ತೆ. ನೋಡಿದೆಯಾ ಆರ್ಲೊ, ನೋಡಿದೆಯಾ, ನರಳಲಿಲ್ಲ ಅಂದೆ. ಆಮೇಲೆ ಅವನು ಮಾಡುತ್ತಿದ್ದ ಹಾಗೆ ಫರ್ ಚಿಗುರು ಮುರಿದು ಕೊನೆಯ ತುತ್ತೆಂದು ಅದರ ಬಾಯಿಗಿಟ್ಟು, ಚೀಟಿ ಕತ್ತರಿಸಿದೆ.

ಸಂಜೆಯೊಳಗೆ ವೆಂಡೆಲ್ ಹೇಸರಗತ್ತೆ ತಂದು ತೊಡೆ, ಭುಜ, ತಲೆ ಎಲ್ಲ ಹೊರಿಸಿದ. ಮುದಿ ಹೋರಿ, ಬೆನ್ನಿನ ಮೇಲೆ ಎರಡು ಬೆರಳು ಕೊಬ್ಬು. ಎಡಗೊಂಬು ಮಾತ್ರ ಗಿಡ್ಡವಾಗಿ ಸೊಟ್ಟಗಿತ್ತು.

"ಎಲ್ಲೋ ಜೋರು ಪೆಟ್ಟು ತಿಂದಿರೋ ಹೋರಿ ಇದು," ಅಂದ ವೆಂಡೆಲ್. "ಮೈಗೆ ಪೆಟ್ಟಾದ್ರೆ, ಹಳೇ ಕೊಂಬು ಉದುರಿ ಮುಂದಿನ ವರ್ಷ ಬರೋ ಕೊಂಬು ಹಿಂಗೇ ಆಗುತ್ತೆ."

ನನಗೆ ಕೇಳಿಸಿತು. ಸುಸ್ತಾಗಿತ್ತು, ಯೋಚಿಸಲಿಲ್ಲ.

ನವೆಂಬರ್ 4, ಮಂಗಳವಾರ

ವೆಂಡೆಲ್‌ನ ಶೆಡ್ಡಿನಲ್ಲಿ ಮಾಂಸ ತೂಗುಹಾಕಿದ್ದೆವು, ಇವತ್ತು ಬಿಡಿಸಿದೆವು. ಅವನು ತೊಡೆ, ನಾನು ಭುಜ. ಟ್ರೂಡಿ ಕಾಗದ ಸುತ್ತುತ್ತಿದ್ದಳು. ಬೆಳಗಿನಿಂದ ಮೂವರೂ ಏನೇನೋ ಹರಟುತ್ತಿದ್ದೆವು. ಬಲಭುಜದ ಒಳಮೂಲೆಯಲ್ಲಿ ನನ್ನ ಚೂರಿ ಕಿರ್ ಎಂದು ನಿಂತಿತು.

"ನಿನ್ನ ಗುಂಡಾ?" ಅಂದ ವೆಂಡೆಲ್.

"ನನ್ನ ಗುಂಡು ಪಕ್ಕೆಗೆ ಹೋಗಿದ್ದು."

ಕೋಳಿಮೊಟ್ಟೆಯಷ್ಟು ದಪ್ಪದ ಬಿಳಿ ಗಂಟು, ಗಟ್ಟಿ ನರದಂಥದ್ದು. ಸೀಳಿದೆ. ಒಳಗೆ ಬಾಣದ ಮೊನೆ. ಮೂರು ಅಲಗು, ಹಿಂದೆ ಬೆರಳುದ್ದ ಮುರಿದ ಕಡ್ಡಿ. ಬುಡದಲ್ಲಿ ಅರದಿಂದ ಎಳೆದ ಎರಡು ಗೆರೆ. ಆರ್ಲೊ ತನ್ನ ಎಲ್ಲ ಮೊನೆಗಳಿಗೂ ಹಾಗೆ ಎರಡು ಗೆರೆ ಎಳೆಯುತ್ತಿದ್ದ.

ಸುತ್ತ ಕೀವಿಲ್ಲ, ಕೊಳೆತಿಲ್ಲ. ಮಾಂಸ ಕೆಂಪಗೆ ಶುದ್ಧವಾಗಿತ್ತು. ಮೈ ಆ ಕಬ್ಬಿಣದ ಸುತ್ತ ಗೋಡೆ ಕಟ್ಟಿಕೊಂಡು ತನ್ನ ಪಾಡಿಗೆ ತಾನು ಇತ್ತು.

ವೆಂಡೆಲ್ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತ. ಮೊನೆಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. "ವಾಸಿಯಾಗಿತ್ತಲ್ಲೇ ಇದು," ಅಂದ. "ಪೂರ್ತಿ ವಾಸಿಯಾಗಿತ್ತು." ಟ್ರೂಡಿ ಕಾಗದ ಕೆಳಗಿಟ್ಟು ನನ್ನ ಬೆನ್ನಿನ ಮೇಲೆ ಕೈಯಿಟ್ಟಳು.

ಮನೆಗೆ ಬಂದು ಕಿಟಕಿಯ ಕಟ್ಟೆಯ ಮೇಲಿದ್ದ, ಹೋದ ವರ್ಷ ಸಿಕ್ಕಿದ್ದ ಮುರಿದ ಕಡ್ಡಿ ತೆಗೆದು ಜೋಡಿಸಿ ನೋಡಿದೆ. ಸಿಬಿರಿಗೆ ಸಿಬಿರು ಕೂತಿತು. ಒಂದು ಲೋಟ ಕಾಫಿ ಮಾಡಿಕೊಂಡು ಈಗ ಮೇಜಿಗೆ ಬಂದು ಕೂತಿದ್ದೇನೆ.

ಬೇಸಿಗೆಯಲ್ಲಿ ನಾನು ಮೂಳೆ ಹುಡುಕುತ್ತಿದ್ದಾಗ ಅದು ಅಲ್ಲೇ ಮರದ ಮರೆಯಲ್ಲಿ ನಿಂತು ನನ್ನನ್ನು ನೋಡುತ್ತಿತ್ತೋ ಏನೋ. ಆರ್ಲೊ ಈ ಕೋಣೆಯಲ್ಲಿ ಗೋಡೆಗೆ ತಿರುಗಿ ಮಲಗಿದ್ದ ಅಷ್ಟು ದಿನವೂ ಅದು ಬೆಟ್ಟದ ಮೇಲೆ ಹಿಮ ಕೆದರಿ ಹುಲ್ಲು ತಿನ್ನುತ್ತಿತ್ತು. ಅವನು ಕೇಳಿದಾಗಲೆಲ್ಲ ಸತ್ತೋಯ್ತು ಅಂದೆ. ಅದೇ ಸಮಾಧಾನದ ಮಾತು ಎಂದುಕೊಂಡಿದ್ದೆ. ಬದುಕಿದೆ ಎಂದು ಹೇಳಬಹುದೆಂದು ನನಗೆ ಒಂದು ಸಲವೂ ಹೊಳೆಯಲಿಲ್ಲ. ಸುಳ್ಳು ಹೇಳುವುದೇ ಆಗಿದ್ದರೆ ಆ ಸುಳ್ಳನ್ನಾದರೂ ಹೇಳಬೇಕಿತ್ತು, ಅದು ನಿಜವಾಗಿರುತ್ತಿತ್ತು.

ಅವನ ಬಾಣಕ್ಕೆ ಉಳಿದದ್ದು ನನ್ನ ಗುಂಡಿಗೆ ಉಳಿಯಲಿಲ್ಲ. ನರಳಿಸದೆ ಕೊಂದೆನೆಂದು ಹಿಮದಲ್ಲಿ ಕೂತು ಅವನ ಮುಂದೆ ಜಂಬ ಕೊಚ್ಚಿಕೊಂಡೆ. ನರಳದೆ ಇದ್ದದ್ದನ್ನೇ ಕೊಂದಿದ್ದೆ.

ನೀನು ಇನ್ನೊಂದು ಸಲ ಕೇಳಿದರೆ ಈಗ ಹೇಳಬಲ್ಲೆ. ಆ ಹೋರಿ ಬದುಕಿತ್ತು, ಆರ್ಲೊ. ಮೊನ್ನೆ ಶನಿವಾರ ನಾನು ಕರೆಯುವವರೆಗೂ ಚೆನ್ನಾಗಿಯೇ ಇತ್ತು.